ಎಣ್ಣೆ ಕಾಯುವ ತನಕ

ಶನಿವಾರ, 18 ಜನವರಿ 2025
ವಿಯೆನ್ನಾ

ಮನೆಗೆ ಬಂದು ಒಂದು ಗಂಟೆ ಆಯಿತು. ಕೋಟು ಇನ್ನೂ ಬಿಚ್ಚಿಲ್ಲ. ಬೆಳಗ್ಗೆ ನನ್ನ ಕೈ ಮಾಡಿದ ಕೆಲಸವೇ ಕಣ್ಣ ಮುಂದೆ ಬರುತ್ತಿದೆ.

ಇವತ್ತು ನಾನು ವಿಮಾನ ಹಾರಿಸಲು ಕಲಿಯುವ ವೀನರ್ ನಾಯ್‌ಸ್ಟಾಟ್ ಊರಲ್ಲಿ ಸೊನ್ನೆಗಿಂತ 7 ಡಿಗ್ರಿ ಕೆಳಗಿತ್ತು. ಆಕಾಶ ಮಾತ್ರ ತೊಳೆದಿಟ್ಟ ಹಾಗಿತ್ತು. ಶ್ನೇಬೆರ್ಗ್ ಬೆಟ್ಟ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು. ಈ ತಿಂಗಳು ಎರಡು ಪಾಠ ಮಂಜಿಗೆ ಹೋಗಿದ್ದವು. ಹಾಗಾಗಿ ಬೇಗ ಮೇಲೆ ಹೋಗಬೇಕು ಅನ್ನೋ ಆಸೆ ಜಾಸ್ತಿಯೇ ಇತ್ತು.

ನಾನು ಕಲಿಯುತ್ತಿರುವುದು ಡಿಎ40 ಎನ್‌ಜಿ ವಿಮಾನದಲ್ಲಿ. ಅದು ಹುಟ್ಟುವುದೂ ಇದೇ ಊರಲ್ಲಿ. ಕಾರ್ಖಾನೆ ನಮ್ಮ ರನ್‌ವೇ ಪಕ್ಕದಲ್ಲೇ ಇದೆ. ಪೆಟ್ರೋಲ್ ಅಲ್ಲ, ಡೀಸೆಲ್ ಇಂಜಿನ್. ಟ್ಯಾಂಕಿಗೆ ಹಾಕುವುದು ಜೆಟ್ ಎ-1. ಅಂದರೆ ಚೆನ್ನಾಗಿ ಶುದ್ಧ ಮಾಡಿದ ಸೀಮೆಎಣ್ಣೆ. ಟ್ಯಾಂಕಿನ ಮುಚ್ಚಳ ತೆಗೆದಾಗಲೆಲ್ಲ ನನಗೆ ಹಾಸನದ ನ್ಯಾಯಬೆಲೆ ಅಂಗಡಿ, ಅಮ್ಮನ ಕೈಯಲ್ಲಿದ್ದ ಕ್ಯಾನು ನೆನಪಾಗುತ್ತದೆ.

ಕೀಲಿ ತಿರುಗಿಸಿ, ಇಂಜಿನ್ ಒಳಗೆ ಮೊದಲೇ ಬಿಸಿ ಮಾಡುವಾಗ ಉರಿಯುವ ಗ್ಲೋ ದೀಪ ಆರುವ ತನಕ ಕಾದು, ಸ್ಟಾರ್ಟ್ ಮಾಡಿದೆ. ಮೊದಲ 2 ನಿಮಿಷ ಐಡಲ್, ಅಂದರೆ ಇಂಜಿನ್ನಿನ ಅತಿ ನಿಧಾನದ ಓಟ. ಆಮೇಲೆ ಇಂಜಿನ್ ಶಕ್ತಿಯ ಲಿವರ್ ಸ್ವಲ್ಪ ಮುಂದೆ ತಳ್ಳಿ 1400 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು. ಅಲ್ಲಿಗೆ ನಿಲ್ಲಿಸಿ ಕಾಯಬೇಕು. ಇಂಜಿನ್ ಎಣ್ಣೆ ಕನಿಷ್ಠ 50 ಡಿಗ್ರಿ, ಇಂಜಿನ್ ತಣಿಸುವ ದ್ರವ ಕೂಲಂಟ್ ಕನಿಷ್ಠ 60 ಡಿಗ್ರಿ ಆಗಬೇಕು. ಪರದೆಯ ಮೇಲೆ ಎರಡೂ ಹಳದಿಯಿಂದ ಹಸಿರಿಗೆ ಬರಬೇಕು. ಆಮೇಲೆ ಮಾತ್ರ ಹಾರುವ ಮೊದಲು ಇಂಜಿನ್ ನೋಡುವ ರನ್-ಅಪ್ ಪರೀಕ್ಷೆ.

ಹೀಟರ್ ಹಾಕಲೂ ಹಾರಾಟ ಕಲಿಸುವ ನಮ್ಮ ಮೇಡಂ ಬಿಡಲಿಲ್ಲ. ಈ ವಿಮಾನದಲ್ಲಿ ನಮ್ಮ ಕಾಲು ಬೆಚ್ಚಗಾಗುವುದು ಕೂಲಂಟಿನ ಶಾಖದಿಂದಲೇ. ನಾವು ತೆಗೆದುಕೊಂಡಷ್ಟು ಇಂಜಿನ್ನಿಗೆ ಕಮ್ಮಿ. ಹಾಗಾಗಿ ಇಬ್ಬರೂ ನಡುಗುತ್ತಾ ಕೂತೆವು.

ಕೂಲಂಟ್ ಬೇಗ ಏರಿತು. 63 ಆಯಿತು. ಎಣ್ಣೆ ಮಾತ್ರ ಆಮೆಯ ಹಾಗೆ. 38. 41. 44. ನಮಗೆ ಬಾಡಿಗೆ ಲೆಕ್ಕ ಶುರುವಾಗುವುದು ಇಂಜಿನ್ ಚಾಲೂ ಆದ ಕ್ಷಣದಿಂದ. ನಿಂತಲ್ಲೇ ದುಡ್ಡು ಉರಿಯುತ್ತಿದೆ ಅನ್ನಿಸಿತು. ನಮ್ಮ ಹಿಂದೆ ಇನ್ನೊಂದು ವಿಮಾನ ಬಂದು ನಿಂತಿತು. 47.

ನಾನು ಲಿವರ್ ಐಡಲ್‌ಗೆ ಎಳೆದು ಪರೀಕ್ಷೆಯ ಗುಂಡಿಯ ಕಡೆ ಕೈ ಚಾಚಿದೆ.

ಮೇಡಂ ಬೈಯಲಿಲ್ಲ. ಗ್ಲೌಸ್ ಹಾಕಿದ ಅವರ ಕೈ ಅಡ್ಡ ಬಂತು, ಅಷ್ಟೇ. ಇನ್ನೊಂದು ಕೈಯ ಬೆರಳು ಪರದೆಯ ಮೇಲಿನ 47 ಅನ್ನು ತೋರಿಸಿತು. ನಾನು ಲಿವರ್ ಮತ್ತೆ 1400ಕ್ಕೆ ತಂದೆ. ಎರಡು ನಿಮಿಷವೂ ಆಗಲಿಲ್ಲ, 50 ಬಂತು.

ಹಾರಾಟ ಚೆನ್ನಾಗಿತ್ತು. ಅದರ ಬಗ್ಗೆ ಬರೆಯಲು ಮನಸ್ಸಿಲ್ಲ.

ಇಳಿದ ಮೇಲೆ ಕಾಫಿ ಕುಡಿಯುತ್ತಾ ಅವರು ಮಾತು ತೆಗೆದರು. ಈ ಪರೀಕ್ಷೆಯಲ್ಲಿ ಇಂಜಿನ್ನಿನ ಎರಡು ಕಂಪ್ಯೂಟರ್‌ಗಳು ಒಂದಾದ ಮೇಲೊಂದು ಹೊಣೆ ಹೊರುತ್ತವೆ. ಜೊತೆಗೆ ಪ್ರೊಪೆಲ್ಲರಿನ ಅಲಗುಗಳನ್ನು ತಿರುಗಿಸಿ ನೋಡುತ್ತವೆ. ಅಲಗನ್ನು ತಿರುಗಿಸುವುದು ಗೇರ್‌ಬಾಕ್ಸ್ ಎಣ್ಣೆಯ ಒತ್ತಡ. ಎಣ್ಣೆ ತಣ್ಣಗೆ ದಪ್ಪಗಿದ್ದರೆ ಅದು ಸಣ್ಣ ದಾರಿಗಳಲ್ಲಿ ಓಡುವುದಿಲ್ಲ. ಆಗ ಪರೀಕ್ಷೆಯಲ್ಲಿ ಏನೇ ಕಂಡರೂ ಅದು ನಂಬುವ ಉತ್ತರ ಅಲ್ಲ. ಇಂಜಿನ್ನಿಗೆ ಗಾಳಿ ತುರುಕುವ ಟರ್ಬೋದ ಬೇರಿಂಗ್ ಕೂಡ ಎಣ್ಣೆಯ ಮೇಲೇ ತೇಲುವಂಥದ್ದು. ತಣ್ಣನೆಯ ಇಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟರೆ ಆಗುವ ಸವೆತ ಅವತ್ತೇ ಕಾಣುವುದಿಲ್ಲ.

ಆಮೇಲೆ ಜರ್ಮನಿಯ ಶ್ಪಾಯರ್ ಊರಿನ ಕಥೆ ಹೇಳಿದರು. 2007ರ ಮಾರ್ಚ್. ಎರಡು ಡೀಸೆಲ್ ಇಂಜಿನ್ನಿನ ಡಿಎ42 ವಿಮಾನ. ಬ್ಯಾಟರಿ ಸತ್ತಿತ್ತು. ಹೊರಗಿನ ಕರೆಂಟಿನಿಂದಲೇ ಎರಡೂ ಇಂಜಿನ್ ಸ್ಟಾರ್ಟ್ ಮಾಡಿದರು. ಎರಡನೆಯದನ್ನು ವಿಮಾನದ ಸ್ವಂತ ಕರೆಂಟಿನಿಂದಲೇ ಮಾಡಬೇಕು ಅಂತ ಕೈಪಿಡಿಯಲ್ಲಿತ್ತು. ನೆಲ ಬಿಟ್ಟ ಮೇಲೆ ಚಕ್ರ ಮೇಲೆತ್ತಿದರು. ಅದಕ್ಕೆ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು, ಕಂಪ್ಯೂಟರ್‌ಗಳು ಒಂದು ಕ್ಷಣ ಕಣ್ಣು ಮುಚ್ಚಿದವು. ಎರಡೂ ಇಂಜಿನ್ ನಿಂತವು. ಪುಣ್ಯಕ್ಕೆ ಒಳಗಿದ್ದವರು ಬದುಕಿದರು.

ಅದು ಬೇರೆ ತಪ್ಪು, ನನ್ನದು ಬೇರೆ ಅಂತ ಗೊತ್ತು. 3 ಡಿಗ್ರಿಗೆ ಇಂಜಿನ್ ಒಡೆಯುತ್ತಿರಲಿಲ್ಲ ಅಂತಲೂ ಗೊತ್ತು. ನನ್ನನ್ನು ಕಾಡುತ್ತಿರುವುದು ಅದಲ್ಲ. 47 ಅಂತ ನನಗೆ ಸರಿಯಾಗಿ ಕಾಣುತ್ತಿತ್ತು. ಆದರೂ ಕೈ ಹೋಯಿತಲ್ಲ?

ಸಂಜೆ ನಾಲ್ಕಕ್ಕೆ ಊರಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಎಂಟೂವರೆ. ಅಪ್ಪ ಆಗಷ್ಟೇ ಮುದ್ದೆ ಉಂಡು ಎದ್ದಿದ್ದರು. ವಿಮಾನದ ಇಂಜಿನ್ ಬೆಂಜ್ ಕಾರಿನದೇ, ಅದನ್ನೇ ತಿದ್ದಿ ವಿಮಾನಕ್ಕೆ ಹೊಂದಿಸಿದ್ದಾರೆ ಅಂತ ಹಿಂದೆ ಹೇಳಿದ್ದೆ. ಅವತ್ತಿನಿಂದ, ಬಸ್ ಓಡಿಸಿದ ಅವರಿಗೆ ಅದು ಸ್ವಂತ ವಿಷಯ.

"ಐಡಲ್‌ನಲ್ಲೇ ಬಿಡಲ್ವಾ?" ಅಂತ ಕೇಳಿದರು.

"2 ನಿಮಿಷ ಅಷ್ಟೇ. ಆಮೇಲೆ 1400."

"ಸರಿ ಅದು. ಡೀಸೆಲ್ ಇಂಜಿನ್ ಸುಮ್ನೆ ಐಡಲ್‌ನಲ್ಲಿ ಬಿಟ್ರೆ ಕಾಯಲ್ಲ ಕಣಮ್ಮ. ಕುಡಿಯೋದೇ ಒಂಚೂರು, ಶಾಖ ಎಲ್ಲಿಂದ ಬರಬೇಕು? ಅರ್ಧ ಗಂಟೆ ಬಿಟ್ರೂ ಅಷ್ಟೇ. ಹೊಗೆ ಒಂದು ದಂಡ."

ನನಗೆ ಡಿಸೆಂಬರಿನ ಬೆಳಗಿನ ಜಾವದ ಬಸ್ ನಿಲ್ದಾಣ ನೆನಪಾಯಿತು. ರಜೆಯಲ್ಲಿ ಅಪ್ಪನ ಜೊತೆ ಮಂಗಳೂರಿಗೆ ಹೊರಟಾಗ, ಅವರ ಪಕ್ಕದ ಬಾನೆಟ್ ಮೇಲೆ ಹೊದಿಸಿದ ದಪ್ಪ ರೆಕ್ಸಿನ್ ಮೇಲೆ ಕೂರುತ್ತಿದ್ದೆ. ಮೊದಲು ತಣ್ಣಗೆ ಕೊರೆಯುತ್ತಿತ್ತು. ನಿಧಾನಕ್ಕೆ ಕೆಳಗಿನಿಂದ ಬೆಚ್ಚಗಾಗುತ್ತಿತ್ತು. ಅಪ್ಪ ಗಾಳಿಯ ಸೂಜಿ ನೋಡುತ್ತಾ ಕೂತಿರುತ್ತಿದ್ದರು. ಬ್ರೇಕಿಗೆ ಬೇಕಾದಷ್ಟು ಗಾಳಿ ತುಂಬುವ ತನಕ ಬಸ್ ಕದಲುತ್ತಿರಲಿಲ್ಲ. ಹಿಂದೆ ಜನ ಗೊಣಗುತ್ತಿದ್ದರು. ಕಂಡಕ್ಟರ್ ಮಾಮ ಎರಡು ಸಲ ರೈಟ್ ಅಂದರೂ ಅಪ್ಪ ತಿರುಗಿ ನೋಡುತ್ತಿರಲಿಲ್ಲ. ಮುಂದೆ ಇರುವುದು ಶಿರಾಡಿ ಘಾಟಿ ಅಲ್ವಾ?

ಇವತ್ತಿನದನ್ನು ಹೇಳಿಬಿಟ್ಟೆ. 47 ಇತ್ತು, ಗುಂಡಿಗೆ ಕೈ ಹಾಕಲು ಹೋದೆ, ಮೇಡಂ ತಡೆದರು ಅಂತ. ಬೈಯಲಿ ಅಂತ ಕಾದೆ. ಅವರು "ಹೂಂ" ಅಂದರು, ಅಷ್ಟೇ. ಟಿವಿ ಸದ್ದು ಕಮ್ಮಿ ಮಾಡಿದ್ದು ಕೇಳಿಸಿತು.

"ಅಪ್ಪಾ, ನೀವು ಗಾಳಿ ತುಂಬೋ ಮೊದಲೇ ಯಾವತ್ತಾದರೂ ಹೊರಟಿದ್ದೀರಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಒಂದ್ಸಲ" ಅಂದರು.

ಅಷ್ಟರಲ್ಲಿ ಅಮ್ಮ ಫೋನ್ ಇಸಿದುಕೊಂಡರು. ಮೊಣಕಾಲು ನೋವು ಹೇಗಿದೆ ಅಂತ ನಾನು ಕೇಳುವ ಮೊದಲೇ ಊಟ ಮಾಡಿದ್ಯಾ, ಸ್ವೆಟರ್ ಹಾಕಿದ್ಯಾ ಅಂತ ಶುರು. ಚಿಕ್ಕಮ್ಮನ ಮಗಳ ನಿಶ್ಚಿತಾರ್ಥದ ಸುದ್ದಿ ಅರ್ಧ ಗಂಟೆ ಆಯಿತು. ಕೊನೆಗೆ ಅಪ್ಪನಿಗೆ ಕೊಡು ಅಂದರೆ, ಮಲಗಿದ್ರು ಅಂದರು.

ಒಂಬತ್ತಕ್ಕೆಲ್ಲ ಮಲಗುವವರಲ್ಲ ಅವರು.

ನಾಳೆ ಕೇಳಬಹುದು. ಆದರೆ ಫೋನಿನಲ್ಲಿ ಕೇಳುವ ಮಾತಲ್ಲ ಅನ್ನಿಸುತ್ತಿದೆ. ಮಾರ್ಚಿನಲ್ಲಿ ಊರಿಗೆ ಹೋದಾಗ, ಅವರು ಬೆಳಗ್ಗೆ ಜಗಲಿಯಲ್ಲಿ ಕೂತಿರುವಾಗ, ಅಮ್ಮ ಒಳಗಿರುವಾಗ