ಡೇಕೇರ್‌ನ ಮೊದಲ ವರ್ಷ: ಗೊಣ್ಣೆ, ಜ್ವರ ಮತ್ತು ಎಂಎಲ್ ಲೆಕ್ಕ

ಮಗು ಡೇಕೇರ್‌ಗೆ ಹೋಗಲು ಶುರು ಮಾಡಿ ಎರಡು ತಿಂಗಳಾಗುವಷ್ಟರಲ್ಲಿ ಬಹಳ ಮನೆಗಳಲ್ಲಿ ಒಂದೇ ಮಾತು: ‘ಹದಿನೈದು ದಿನಕ್ಕೊಂದ್ಸಲ ಜ್ವರ ಬರುತ್ತಲ್ಲ, ಈ ಮಗೂಗೆ ಶಕ್ತೀನೇ ಇಲ್ವಾ?’ ಅಜ್ಜಿ ದೃಷ್ಟಿ ತೆಗೆಯುತ್ತಾರೆ, ಪಕ್ಕದ ಮನೆಯವರು ಟಾನಿಕ್ಕಿನ ಹೆಸರು ಹೇಳುತ್ತಾರೆ, ಅಮ್ಮ ಕೆಲಸ ಬಿಡಬೇಕೇನೋ ಎಂದು ಯೋಚಿಸುತ್ತಾಳೆ.

ಮಗುವಿಗೆ ಶಕ್ತಿ ಇದೆ. ಐದು ವರ್ಷದೊಳಗಿನ ಮಕ್ಕಳಿಗೆ ವರ್ಷಕ್ಕೆ 6ರಿಂದ 8 ಸಲ ನೆಗಡಿಯಾಗುವುದು ಮಾಮೂಲು. ಡೇಕೇರ್ ಸೇರಿದ ಮೊದಲ ವರ್ಷ ಅದು 10-12ಕ್ಕೂ ಹೋಗುತ್ತದೆ. ಒಂದು ನೆಗಡಿ ಪೂರ್ತಿ ಇಳಿಯಲು 10ರಿಂದ 14 ದಿನ ಬೇಕು, ಕೆಮ್ಮು ಮೂರನೇ ವಾರಕ್ಕೂ ಎಳೆಯಬಹುದು. ಮಳೆಗಾಲದಲ್ಲಿ ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡರೆ ಮಗುವಿಗೆ ಸದಾ ಗೊಣ್ಣೆ ಸುರಿಯುತ್ತಿದೆ ಅನ್ನಿಸುವುದು ಸಹಜ.

ಕಾರಣವೂ ಸರಳ. ಅಮ್ಮನಿಂದ ಹೊಟ್ಟೆಯಲ್ಲಿರುವಾಗ ಬಂದ ರಕ್ಷಣೆ ಆರು ತಿಂಗಳ ಸುಮಾರಿಗೆ ಕರಗಿಹೋಗಿರುತ್ತದೆ. ಕೆಲಸಕ್ಕೆ ಹೋಗುವ ಅಮ್ಮಂದಿರಿಗೆ ಕಾನೂನಿನ ಪ್ರಕಾರ ಸಿಗುವ ಹೆರಿಗೆ ರಜೆ 26 ವಾರ. ಅಂದರೆ ರಜೆ ಮುಗಿಯುವುದೂ ಆ ರಕ್ಷಣೆ ಮುಗಿಯುವುದೂ ಹೆಚ್ಚು ಕಡಿಮೆ ಒಂದೇ ಸಮಯಕ್ಕೆ. ಅದೇ ಹೊತ್ತಿಗೆ ಮಗು ಹತ್ತು ಹದಿನೈದು ಮಕ್ಕಳ ನಡುವೆ ಕೂರುತ್ತದೆ. ನೆಗಡಿ ತರುವ ರೈನೋವೈರಸ್ ಒಂದರಲ್ಲೇ 150ಕ್ಕೂ ಹೆಚ್ಚು ಬಗೆಗಳಿವೆ. ಆರ್‌ಎಸ್‌ವಿ, ಅಡಿನೋವೈರಸ್, ಫ್ಲೂ ಬೇರೆ. ಪ್ರತಿಯೊಂದನ್ನೂ ಮಗುವಿನ ದೇಹ ಒಮ್ಮೆಯಾದರೂ ಎದುರಿಸಿಯೇ ಗುರುತು ಹಿಡಿಯಬೇಕು. ಅಮೆರಿಕದ ಅರಿಜೋನಾದ ಟೂಸಾನ್ ನಗರದಲ್ಲಿ ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದ ದೀರ್ಘ ಅಧ್ಯಯನವೊಂದರಲ್ಲಿ, ದೊಡ್ಡ ಡೇಕೇರ್‌ಗೆ ಹೋದ ಮಕ್ಕಳಿಗೆ ಎರಡನೇ ವಯಸ್ಸಿನಲ್ಲಿ ನೆಗಡಿ ಹೆಚ್ಚಿತ್ತು, ಆದರೆ ಶಾಲೆಗೆ ಹೋಗುವ ವಯಸ್ಸಿನಲ್ಲಿ ಮನೆಯಲ್ಲೇ ಬೆಳೆದವರಿಗಿಂತ ಕಡಿಮೆ ಇತ್ತು. ಡೇಕೇರ್ ತಪ್ಪಿಸಿದವರಿಗೆ ಇದೇ ಸರದಿ ಎಲ್‌ಕೆಜಿಯಲ್ಲಿ ಬರುತ್ತದೆ, ಅಷ್ಟೇ.

ಹಾಗಾಗಿ ಕಾಯಿಲೆಯೇ ಬರದಂತೆ ಮಾಡಲು ಹೊರಡುವುದರಲ್ಲಿ ಅರ್ಥವಿಲ್ಲ. ಬಂದದ್ದನ್ನು ಸರಿಯಾಗಿ ಸಾಗಹಾಕುವುದು, ಬೇಡದ ಔಷಧಿ ಹಾಕದಿರುವುದು, ಅಪಾಯದ ಗುರುತನ್ನು ಸಮಯಕ್ಕೆ ಹಿಡಿಯುವುದು, ಈ ಮೂರು ನಮ್ಮ ಕೈಯಲ್ಲಿವೆ.

ಮೂಗಿನಿಂದ ಶುರು ಮಾಡೋಣ. ಎಳೆ ಮಕ್ಕಳು ಉಸಿರಾಡುವುದೇ ಹೆಚ್ಚಾಗಿ ಮೂಗಿನಿಂದ. ಕಟ್ಟಿಕೊಂಡರೆ ಹಾಲೂ ಇಲ್ಲ, ನಿದ್ದೆಯೂ ಇಲ್ಲ. ಇದಕ್ಕೆ ಬೇಕಾದದ್ದು 0.65 ಪರ್ಸೆಂಟ್ ಸೋಡಿಯಂ ಕ್ಲೋರೈಡ್ ಎಂದು ಬರೆದಿರುವ ಸಾದಾ ಸಲೈನ್ ಡ್ರಾಪ್ಸ್. ಆಕ್ಸಿಮೆಟಾಜೋಲಿನ್, ಕ್ಸೈಲೋಮೆಟಾಜೋಲಿನ್ ಎಂದಿರುವ ಬಾಟಲಿಗಳು ಬೇರೆ ಜಾತಿಯವು. ಅವನ್ನು ಡಾಕ್ಟ್ರು ಹೇಳದೆ ಹಾಕಬಾರದು, ದಿನಗಟ್ಟಲೆ ಹಾಕಿದರೆ ಮೂಗು ಇನ್ನೂ ಜೋರಾಗಿ ಕಟ್ಟುತ್ತದೆ. ಸಲೈನ್ ಹಾಕುವಾಗ ಮಗುವಿನ ಹೆಗಲ ಕೆಳಗೆ ಸುತ್ತಿದ ಟವೆಲ್ ಇಟ್ಟು ತಲೆ ತುಸು ಹಿಂದಕ್ಕೆ ಬಾಗುವಂತೆ ಮಲಗಿಸಿ, ಒಂದೊಂದು ಹೊಳ್ಳೆಗೆ ಎರಡು ಹನಿ ಬಿಟ್ಟು ಒಂದು ನಿಮಿಷ ಕಾಯಿರಿ. ಗಟ್ಟಿ ಗೊಣ್ಣೆ ಮೆತ್ತಗಾಗಲು ಅಷ್ಟು ಹೊತ್ತು ಬೇಕು. ಆಮೇಲೆ ರಬ್ಬರ್ ಬಲ್ಬನ್ನು ಹೊರಗೇ ಹಿಂಡಿ ಹಿಡಿದು, ತುದಿಯನ್ನು ಹೊಳ್ಳೆಯ ಬಾಯಿಗೆ ಇಟ್ಟು ನಿಧಾನ ಬಿಡಿ. ಒಳಗಿಟ್ಟ ಮೇಲೆ ಹಿಂಡಿದರೆ ಗೊಣ್ಣೆ ಇನ್ನೂ ಒಳಕ್ಕೆ ಹೋಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಸಾಕು, ಹೆಚ್ಚು ಎಳೆದರೆ ಒಳಪದರ ಬಾತುಕೊಳ್ಳುತ್ತದೆ. ಹಾಲು ಕುಡಿಸುವ ಹತ್ತು ನಿಮಿಷ ಮೊದಲು ಮತ್ತು ಮಲಗಿಸುವ ಮೊದಲು ಮಾಡಿ. ಹಾಲು ಕುಡಿದ ಮೇಲೆ ಮಾಡಿದರೆ ಎಲ್ಲವೂ ವಾಂತಿಯಾಗುತ್ತದೆ.

ಮೂರನೇ ನಾಲ್ಕನೇ ದಿನ ಗೊಣ್ಣೆ ಹಳದಿ, ಹಸಿರು ಆಗುತ್ತದೆ. ‘ಇನ್‌ಫೆಕ್ಷನ್ ಜೋರಾಗಿದೆ, ಆಂಟಿಬಯೋಟಿಕ್ ಬೇಕು’ ಅನ್ನುವುದು ಇಲ್ಲೇ. ಬಣ್ಣ ಬದಲಾಗುವುದು ನೆಗಡಿಯ ಮಾಮೂಲು ನಡೆ. ಅದರಿಂದ ಬ್ಯಾಕ್ಟೀರಿಯಾ ಇದೆ ಎಂದು ಹೇಳಲಾಗದು. ಗಮನಿಸಬೇಕಾದದ್ದು ಬೇರೆ: ಇಳಿದಿದ್ದ ಜ್ವರ ನಾಲ್ಕೈದು ದಿನದ ಮೇಲೆ ಮತ್ತೆ ಏರಿದರೆ, ಮಲಗಿಸಿದಾಗ ಕಿವಿ ಹಿಡಿದು ಅತ್ತರೆ, ಡಾಕ್ಟ್ರಿಗೆ ಕಿವಿ ತೋರಿಸಬೇಕು. ಕಳೆದ ಸಲ ಮಿಕ್ಕಿದ ಆಂಟಿಬಯೋಟಿಕ್ ಬಾಟಲಿಯನ್ನು ಫ್ರಿಜ್‌ನಿಂದ ತೆಗೆದು ಕೊಡುವುದಂತೂ ಬೇಡವೇ ಬೇಡ. ನೀರು ಬೆರೆಸಿದ ಡ್ರೈ ಸಿರಪ್‌ಗಳಲ್ಲಿ ಕೆಲವು ಏಳೇ ದಿನಕ್ಕೆ ಕೆಡುತ್ತವೆ.

ಇನ್ನು ಜ್ವರ. ಇಲ್ಲಿ ನಿಧಾನವಾಗಿ ಓದಿ, ಏಕೆಂದರೆ ಮನೆಗಳಲ್ಲಿ ಹೆಚ್ಚು ಎಡವಟ್ಟಾಗುವುದು ಇಲ್ಲೇ.

ಪ್ಯಾರಾಸಿಟಮಾಲ್ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಮಕ್ಕಳಿಗೆಂದು ಮುಖ್ಯವಾಗಿ ಮೂರು ಸಾಂದ್ರತೆಯಲ್ಲಿ ಸಿಗುತ್ತದೆ: ಡ್ರಾಪ್ಸ್ ಆದರೆ 1 ಎಂಎಲ್‌ಗೆ 100 ಎಂಜಿ, ಸಿರಪ್ ಆದರೆ 5 ಎಂಎಲ್‌ಗೆ 120 ಎಂಜಿ, ಇನ್ನೊಂದು ಸಿರಪ್ 5 ಎಂಎಲ್‌ಗೆ 250 ಎಂಜಿ. ಡೋಸ್ ನಿಂತಿರುವುದು ತೂಕದ ಮೇಲೆ, ಕೆಜಿಗೆ 15 ಎಂಜಿ. 10 ಕೆಜಿ ಮಗುವಿಗೆ 150 ಎಂಜಿ ಬೇಕು. ಅದು ಡ್ರಾಪ್ಸ್‌ನಲ್ಲಿ 1.5 ಎಂಎಲ್, 120ರ ಸಿರಪ್‌ನಲ್ಲಿ ಸುಮಾರು 6 ಎಂಎಲ್, 250ರ ಸಿರಪ್‌ನಲ್ಲಿ 3 ಎಂಎಲ್. ಮೂರೂ ಒಂದೇ ಡೋಸ್. ಹೋದ ಸಲ 6 ಎಂಎಲ್ ಕೊಟ್ಟಿದ್ದೆವು ಎಂಬ ನೆನಪಿನಲ್ಲಿ ಈ ಸಲ 250ರ ಬಾಟಲಿಯಿಂದ 6 ಎಂಎಲ್ ಕೊಟ್ಟರೆ ಡಬಲ್ ಡೋಸ್. ಡ್ರಾಪ್ಸನ್ನು ಸಿರಪ್‌ನಂತೆ ಒಂದು ಚಮಚ ಹಾಕಿದರೆ 500 ಎಂಜಿ, ಮೂರು ಪಟ್ಟಿಗೂ ಹೆಚ್ಚು. ಅದಕ್ಕೇ ಮನೆಯಲ್ಲಿ ಒಂದೇ ಸಾಂದ್ರತೆಯ ಬಾಟಲಿ ಇಡಿ. ಅದರ ಮೇಲೆ ಮಗುವಿನ ಹೆಸರು, ಈಗಿನ ತೂಕ, ಎಷ್ಟು ಎಂಎಲ್ ಎಂದು ಮಾರ್ಕರ್‌ನಲ್ಲಿ ಬರೆಯಿರಿ. ಎರಡು ತಿಂಗಳಿಗೊಮ್ಮೆ ತೂಕ ನೋಡಿ ತಿದ್ದಿ. ಅಳೆಯಲು ಸೂಜಿಯಿಲ್ಲದ 5 ಎಂಎಲ್ ಸಿರಿಂಜ್ ಒಳ್ಳೆಯದು, ಅಡುಗೆಮನೆ ಚಮಚ ನಂಬಬೇಡಿ. ಸಿರಿಂಜಿನ ತುದಿ ಕೆನ್ನೆಯ ಒಳಬದಿಗಿರಲಿ, ನೇರ ಗಂಟಲಿಗೆ ಬಿಟ್ಟರೆ ನೆತ್ತಿಗೇರುತ್ತದೆ.

ಎರಡು ಡೋಸ್ ನಡುವೆ ಕನಿಷ್ಠ ನಾಲ್ಕು ಗಂಟೆ, ಆರಾದರೆ ಇನ್ನೂ ಒಳ್ಳೆಯದು. 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ನೆಗಡಿ ಸಿರಪ್‌ಗಳಲ್ಲೂ ಪ್ಯಾರಾಸಿಟಮಾಲ್ ಬೆರೆತಿರುತ್ತದೆ, ಲೇಬಲ್ ಓದದೆ ಎರಡನ್ನೂ ಕೊಟ್ಟರೆ ಲೆಕ್ಕ ತಪ್ಪುತ್ತದೆ. ಕಂಕುಳಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟು ನೋಡಿ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ. ಆದರೆ ಔಷಧಿ ಕೊಡುವುದು ಮಗುವಿನ ಸಂಕಟಕ್ಕೆ, ಥರ್ಮಾಮೀಟರ್‌ನ ಸಂಖ್ಯೆಗಲ್ಲ. 101 ಇದ್ದೂ ಆಡುತ್ತಿದ್ದರೆ ಕಾಯಬಹುದು. ಮಂಕಾಗಿ ಹಾಲು ಬಿಟ್ಟಿದ್ದರೆ ಕೊಡಿ. ಸ್ವೆಟರ್, ಟೋಪಿ ತೆಗೆಯಿರಿ, ತೆಳು ಹತ್ತಿ ಬಟ್ಟೆ ಸಾಕು. ಐಸ್ ನೀರಿನ ಬಟ್ಟೆ ಹಾಕಿದರೆ ಮಗು ನಡುಗಿ ಒಳಗಿನ ಬಿಸಿ ಏರುತ್ತದೆ.

ಮೆಫೆನಮಿಕ್ ಆಸಿಡ್ ಸಿರಪ್‌ನಿಂದ ಜ್ವರ ಬೇಗ ಇಳಿಯುತ್ತದೆಂದು ಎಷ್ಟೋ ಮನೆಗಳಲ್ಲಿ ಕೇಳದೆಯೇ ಕೊಡುತ್ತಾರೆ. ಅದರಿಂದ ಅಪರೂಪಕ್ಕೆ ತೀವ್ರ ಅಲರ್ಜಿಯ ಅಡ್ಡಪರಿಣಾಮ ಬರಬಹುದೆಂದು ಭಾರತೀಯ ಫಾರ್ಮಕೋಪಿಯಾ ಆಯೋಗ 2023ರಲ್ಲಿ ಎಚ್ಚರಿಸಿತ್ತು. ನಮ್ಮ ಮಳೆಗಾಲದಲ್ಲಿ ಇನ್ನೂ ದೊಡ್ಡ ಕಾರಣವಿದೆ: ಡೆಂಗಿ. ನೆಗಡಿ ಕೆಮ್ಮು ಏನೂ ಇಲ್ಲದೆ ಬರೀ ಜ್ವರ ಬಂದಿದ್ದರೆ, ಡೆಂಗಿ ಅಲ್ಲ ಎಂದು ಗೊತ್ತಾಗುವವರೆಗೆ ಮೆಫೆನಮಿಕ್ ಆಸಿಡ್, ಐಬುಪ್ರೊಫೆನ್ ಎರಡೂ ಬೇಡ. ಜ್ವರಕ್ಕೆ ಕೊಡುವ ಇನ್ನೊಂದು ಔಷಧಿ ನಿಮೆಸುಲೈಡ್ 12 ವರ್ಷದೊಳಗಿನವರಿಗೆ 2011ರಿಂದಲೇ ನಿಷಿದ್ಧ.

ಕೆಮ್ಮಿನ ಸಿರಪ್ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿಯೇ ಇದೆ: ಮನೆಯಲ್ಲಿ ಇಡಲೇಬೇಡಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡರು. ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿ ಔಷಧಿ ಕೊಡಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಆಗ ಸೂಚನೆ ಹೊರಡಿಸಿತು. ಕಲಬೆರಕೆ ಇಲ್ಲದ ಸಿರಪ್‌ನಿಂದಲೂ ಈ ವಯಸ್ಸಿನವರಿಗೆ ಹೇಳಿಕೊಳ್ಳುವಂಥ ಉಪಯೋಗವಿಲ್ಲ. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುಂಚೆ ಅರ್ಧದಿಂದ ಒಂದು ಚಮಚ ಜೇನುತುಪ್ಪ ಕೊಡಬಹುದು. ವರ್ಷದೊಳಗೆ ಜೇನು ನೆಕ್ಕಿಸಲೂ ಬಾರದು, ಬಾಟುಲಿಸಮ್ ಎಂಬ ಕಾಯಿಲೆ ಬರಬಹುದು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಎದೆಗೆ ಉಜ್ಜುವ ಪದ್ಧತಿಯನ್ನು ಹಿರಿಯರಿಗೆ ಮೃದುವಾಗಿಯೇ ಹೇಳಿ ನಿಲ್ಲಿಸಿ. ಕರ್ಪೂರ ಎಳೆ ಮಕ್ಕಳಿಗೆ ಫಿಟ್ಸ್ ತರಿಸಬಲ್ಲದು. ಸ್ನಾನದ ನಂತರದ ಸಾಂಬ್ರಾಣಿ ಹೊಗೆಯೂ ಬೇಡ, ಉಬ್ಬಸ ಕೆರಳುತ್ತದೆ.

ವಾಂತಿ ಭೇದಿ ಬಂದಾಗ ಓಆರ್‌ಎಸ್. ಪ್ಯಾಕೆಟ್ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಇದೆಯೇ ನೋಡಿ. ಟೆಟ್ರಾ ಪ್ಯಾಕ್‌ನಲ್ಲಿ ಬರುವ ಸಿಹಿ ಪಾನೀಯಗಳಿಗೆ ಓಆರ್‌ಎಸ್ ಎಂಬ ಹೆಸರು ಇಡುವಂತಿಲ್ಲವೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಅವುಗಳ ಸಕ್ಕರೆಯಿಂದ ಭೇದಿ ಹೆಚ್ಚುತ್ತದೆ. ಒಂದು ಲೀಟರ್‌ನ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೇ ಹಾಕಿ. ಒಂದು ಲೋಟಕ್ಕೆ ಅಂದಾಜಿನಲ್ಲಿ ಉದುರಿಸಿದರೆ ಉಪ್ಪು ಹೆಚ್ಚಾಗಿ ಅಪಾಯ. ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಿ. ಎರಡು ವರ್ಷದೊಳಗಿನವರಿಗೆ ಪ್ರತಿ ಸಲ ನೀರಾಗಿ ಹೋದ ಮೇಲೆ 50ರಿಂದ 100 ಎಂಎಲ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಎರಡು ನಿಮಿಷಕ್ಕೆ ಒಂದು ಚಮಚದಂತೆ ಮತ್ತೆ ಶುರು ಮಾಡಿ. ಬಾಯಾರಿದ ಮಗು ಲೋಟ ಎಳೆದುಕೊಂಡು ಗಟಗಟ ಕುಡಿಯುತ್ತದೆ, ಮರುಗಳಿಗೆ ಎಲ್ಲ ಹೊರಗೆ ಬರುತ್ತದೆ. ತಾಳ್ಮೆಯಿಂದ ಚಮಚದಲ್ಲೇ ಕೊಡಿ. ಆರು ತಿಂಗಳು ದಾಟಿದವರಿಗೆ ಜಿಂಕ್ ದಿನಕ್ಕೆ 20 ಎಂಜಿ, 14 ದಿನ. ಭೇದಿ ನಿಂತರೂ ಮುಗಿಸಬೇಕು. ಎದೆಹಾಲು, ಗಂಜಿ, ಮೊಸರನ್ನ ನಿಲ್ಲಿಸಬೇಡಿ.

ಡೇಕೇರ್ ವಾಟ್ಸ್ಯಾಪ್ ಗುಂಪಿನಲ್ಲಿ ಎಲ್ಲರನ್ನೂ ಹೆದರಿಸುವುದು ಎಚ್‌ಎಫ್‌ಎಂಡಿ, ಅಂದರೆ ಕೈ, ಕಾಲು, ಬಾಯಿಯಲ್ಲಿ ಗುಳ್ಳೆ ಏಳಿಸುವ ವೈರಸ್ ಕಾಯಿಲೆ. 2022ರಲ್ಲಿ ಕೇರಳದಿಂದ ‘ಟೊಮ್ಯಾಟೊ ಜ್ವರ’ ಎಂದು ಸುದ್ದಿಯಾದದ್ದೂ ಇದರದೇ ರೂಪ. ಒಂದೆರಡು ದಿನ ಜ್ವರ, ಆಮೇಲೆ ಬಾಯಲ್ಲಿ ಹುಣ್ಣು, ಅಂಗೈ ಅಂಗಾಲು ಕುಂಡೆಯ ಮೇಲೆ ಗುಳ್ಳೆ, ಏಳರಿಂದ ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ಕಷ್ಟ ಇರುವುದು ಊಟದಲ್ಲಿ. ಖಾರ, ಹುಳಿ, ಬಿಸಿ ಯಾವುದೂ ಬೇಡ, ತಣ್ಣನೆ ಹಾಲು, ರಾಗಿ ಸರಿ, ಎಳನೀರು ಕೊಡಿ. ಪ್ಯಾರಾಸಿಟಮಾಲ್ ಕೊಟ್ಟ ಅರ್ಧ ಗಂಟೆ ಬಿಟ್ಟು ಉಣಿಸಿದರೆ ನೋವು ಕಡಿಮೆ ಇರುತ್ತದೆ. ತಿಂಗಳು ಒಂದೂವರೆ ತಿಂಗಳ ನಂತರ ಉಗುರು ಕಿತ್ತು ಬಂದರೆ ಗಾಬರಿ ಬೇಡ, ಹೊಸದು ಬೆಳೆಯುತ್ತದೆ. ಗುಳ್ಳೆ ಒಣಗಿದರೂ ವಾರಗಟ್ಟಲೆ ಕಕ್ಕದಲ್ಲಿ ವೈರಸ್ ಹೋಗುತ್ತಿರುತ್ತದೆ. ಈ ವೈರಸ್‌ಗೂ ವಾಂತಿ ಭೇದಿಯ ನೋರೋವೈರಸ್‌ಗೂ ಸ್ಯಾನಿಟೈಜರ್ ಅಷ್ಟಾಗಿ ನಾಟುವುದಿಲ್ಲ. ಸೋಪು, ಹರಿಯುವ ನೀರು, 20 ಸೆಕೆಂಡ್ ಉಜ್ಜುವುದೇ ಸರಿ. ವಾಂತಿಯಾದ ನೆಲಕ್ಕೆ ಒಂದು ಲೀಟರ್ ನೀರಿಗೆ 5 ಪರ್ಸೆಂಟ್ ಬ್ಲೀಚ್ 20 ಎಂಎಲ್ ಬೆರೆಸಿ ಹತ್ತು ನಿಮಿಷ ಬಿಟ್ಟು ಒರೆಸಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಅದನ್ನು ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಡೇಕೇರ್ ನೋಡಲು ಹೋದಾಗ ಗೋಡೆಯ ಚಿತ್ರಗಳಿಗಿಂತ ಡಯಾಪರ್ ಬದಲಿಸುವ ಜಾಗ ನೋಡಿ. ಕೈ ತೊಳೆಯುವ ನಲ್ಲಿ ಅಲ್ಲೇ ಇದೆಯೇ, ಆಯಾ ಪ್ರತಿ ಮಗುವಿನ ನಂತರ ತೊಳೆಯುತ್ತಾರೆಯೇ, ಊಟ ಬಡಿಸುವವರೂ ಅವರೇನಾ, ಕಿಟಕಿ ತೆರೆದಿರುತ್ತದೆಯೇ? ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಸರ್ಕಾರ ತೆರೆದ ‘ಕೂಸಿನ ಮನೆ’ಗಳಲ್ಲೂ ಕೇಳಬೇಕಾದದ್ದು ಇದನ್ನೇ.

ಮತ್ತೆ ಕಳಿಸುವುದು ಯಾವಾಗ? ಔಷಧಿ ಇಲ್ಲದೆ 24 ಗಂಟೆ ಜ್ವರ ಬಾರದಿದ್ದರೆ. ವಾಂತಿ ಭೇದಿ ನಿಂತು 48 ಗಂಟೆಯಾದರೆ. ಚಿಕನ್‌ಪಾಕ್ಸ್ ಆದರೆ ಎಲ್ಲ ಗುಳ್ಳೆ ಹಕ್ಕಳೆ ಕಟ್ಟಿದ ಮೇಲೆ. ಬರೀ ಗೊಣ್ಣೆ, ಉಳಿಕೆ ಕೆಮ್ಮಿಗೆ ತಡೆಯಬೇಕಿಲ್ಲ. ಬೆಳಿಗ್ಗೆ ಎಂಟಕ್ಕೆ ಪ್ಯಾರಾಸಿಟಮಾಲ್ ಹಾಕಿ ಕಳಿಸಿದರೆ ಮಧ್ಯಾಹ್ನ ಒಂದರ ಹೊತ್ತಿಗೆ ಫೋನ್ ಬರುತ್ತದೆ, ಔಷಧಿಯ ಪ್ರಭಾವ ಅಷ್ಟು ಹೊತ್ತಿನದೇ. ಅಷ್ಟರಲ್ಲಿ ಇನ್ನೂ ನಾಲ್ಕು ಮಕ್ಕಳಿಗೆ ಅಂಟಿರುತ್ತದೆ. ಆಫೀಸಿನ ಒತ್ತಡ ನಿಜವೇ, ಅದಕ್ಕೇ ಮೊದಲ ವರ್ಷದ ರಜೆಗಳನ್ನು ಅಪ್ಪ ಅಮ್ಮ ಇಬ್ಬರೂ ಮುಂಚೆಯೇ ಹಂಚಿಕೊಂಡಿರಬೇಕು.

ಫ್ಲೂ ಲಸಿಕೆ ಆರು ತಿಂಗಳಿಂದ ಹಾಕಿಸಬಹುದು. ಮೊದಲ ವರ್ಷ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಎರಡನೆಯದು ಕೆಲಸ ಮಾಡಲು ಎರಡು ವಾರ ಬೇಕು, ಹಾಗಾಗಿ ಜೂನ್‌ನಲ್ಲಿ ಸೇರಿಸುವವರು ಏಪ್ರಿಲ್‌ನಲ್ಲೇ ಶುರು ಮಾಡಿ. ನ್ಯುಮೋನಿಯಾದ ಪಿಸಿವಿ, ರೋಟಾವೈರಸ್, ದಡಾರ-ರುಬೆಲ್ಲಾ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಫ್ಲೂ, ಚಿಕನ್‌ಪಾಕ್ಸ್‌ಗೆ ಖಾಸಗಿಯಲ್ಲಿ ದುಡ್ಡು ಕೊಡಬೇಕು.

ಅಪಾಯ ಗುರುತಿಸಲು ಉಸಿರು ಎಣಿಸುವುದನ್ನು ಮನೆಯ ಎಲ್ಲರೂ ಕಲಿಯಿರಿ. ಮಗು ಶಾಂತವಾಗಿರುವಾಗ ಅಂಗಿ ಎತ್ತಿ ಪೂರ್ತಿ ಒಂದು ನಿಮಿಷ ಎದೆ ನೋಡಿ. 2ರಿಂದ 12 ತಿಂಗಳವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದೇ ದಿನ ಡಾಕ್ಟ್ರ ಹತ್ತಿರ ಹೋಗಿ. ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ತುಟಿ ನೀಲಿಯಾದರೆ, ಎಬ್ಬಿಸಿದರೂ ಏಳದಿದ್ದರೆ ನೇರ ಆಸ್ಪತ್ರೆಗೆ, 108ಕ್ಕೆ ಫೋನ್ ಮಾಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಕಾಯುವುದೇ ಬೇಡ. ಎಂಟು ಗಂಟೆ ಉಚ್ಚೆ ಹೊಯ್ಯದಿದ್ದರೆ, ಅತ್ತಾಗ ಕಣ್ಣೀರು ಬಾರದಿದ್ದರೆ, ಮೂರು ದಿನ ದಾಟಿದರೂ ಜ್ವರ ಬಿಡದಿದ್ದರೆ ತೋರಿಸಿ. ಜ್ವರದಲ್ಲಿ ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚವಾಗಲಿ ನೀರಾಗಲಿ ಹಾಕಬೇಡಿ, ಕೈಗೆ ಕಬ್ಬಿಣ ಕೊಡುವುದರಿಂದ ಏನೂ ಆಗುವುದಿಲ್ಲ. ಐದು ನಿಮಿಷ ದಾಟಿದರೆ ಆಸ್ಪತ್ರೆ. ಬೇಗ ನಿಂತರೂ ಮೊದಲ ಸಲವಾದರೆ ಅಂದೇ ತೋರಿಸಬೇಕು.

ನಿಜವಾಗಿ ರೋಗನಿರೋಧಕ ಶಕ್ತಿಯದೇ ತೊಂದರೆ ಇರುವ ಮಕ್ಕಳು ಅಪರೂಪ, ಅವರ ಕಥೆ ಬೇರೆಯಾಗಿರುತ್ತದೆ: ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ, ನಾಲ್ಕು ಅಥವಾ ಹೆಚ್ಚು ಸಲ ಕಿವಿ ಸೋಂಕು, ಎರಡು ತಿಂಗಳು ಆಂಟಿಬಯೋಟಿಕ್ ಕೊಟ್ಟರೂ ಗುಣವಿಲ್ಲ, ಪದೇಪದೇ ಆಳವಾದ ಕುರು, ತೂಕ ಏರುತ್ತಲೇ ಇಲ್ಲ. ಇವುಗಳಲ್ಲಿ ಯಾವುದಾದರೂ ಇದ್ದರೆ ಮಕ್ಕಳ ಡಾಕ್ಟ್ರಲ್ಲಿ ಇಮ್ಯುನಿಟಿ ಪರೀಕ್ಷೆಯ ಮಾತೆತ್ತಿ. ಇಲ್ಲದಿದ್ದರೆ ಟಾನಿಕ್‌ಗೆ ಹಾಕುವ ದುಡ್ಡು ಉಳಿಸಿ, ಒಮ್ಮೆ ಹಿಮೋಗ್ಲೋಬಿನ್ ನೋಡಿಸಿ. ಕಬ್ಬಿಣಾಂಶದ ಕೊರತೆ ನಮ್ಮ ಮಕ್ಕಳಲ್ಲಿ ಬಹಳ ಸಾಮಾನ್ಯ. ಆರು ತಿಂಗಳಿಂದ ಐದು ವರ್ಷದವರಿಗೆ ವಾರಕ್ಕೆರಡು ಸಲ 1 ಎಂಎಲ್‌ನಂತೆ ಕೊಡುವ ಐರನ್ ಸಿರಪ್ ಆಶಾ ಕಾರ್ಯಕರ್ತೆಯರ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ.