ಬೀರುವಿನಲ್ಲಿ ಐದು ಹಳೇ ಫೋನು

ಇವತ್ತು ಬೀರು ಕ್ಲೀನ್ ಮಾಡುವಾಗ ಅಮ್ಮನ ಸೀರೆಗಳ ಕೆಳಗೆ ಒಂದು ಬಿಸ್ಕತ್ ಡಬ್ಬಿ ಸಿಕ್ಕಿತು. ತೆಗೆದರೆ ಐದು ಹಳೇ ಫೋನು, ಸಿಕ್ಕು ಬಿದ್ದ ಚಾರ್ಜರ್‌ಗಳು. ಒಂದು ಫೋನು 2020ರಲ್ಲಿ ಶಾಲೆ ಮುಚ್ಚಿದ್ದಾಗ ಆನ್‌ಲೈನ್ ಕ್ಲಾಸಿಗೆ ಅಂತ ಶ್ರೀನಿವಾಸಪುರದ ಅತ್ತೆ ಮಗಳ ಹತ್ತಿರ ಹೋಗಿ, ಸ್ಕ್ರೀನ್ ಒಡೆದುಕೊಂಡು ವಾಪಸ್ ಬಂದಿದ್ದು. ಪಾಪ, ಎರಡು ಮಕ್ಕಳು ಅದರಲ್ಲೇ ಓದಿದರು.

ಇನ್ನೊಂದರ ಬ್ಯಾಟರಿ ಊದಿಕೊಂಡು ಹಿಂದಿನ ಮುಚ್ಚಳವನ್ನೇ ಎತ್ತಿಬಿಟ್ಟಿತ್ತು. ನೋಡಿ ಎದೆ ಧಸಕ್ ಅಂತು. ಲಿಥಿಯಂ ಬ್ಯಾಟರಿ ಊದಿದರೆ ಒತ್ತಬಾರದು, ಚುಚ್ಚಬಾರದು, ಚಾರ್ಜಿಗಂತೂ ಹಾಕಲೇಬಾರದು, ಬೆಂಕಿ ಹತ್ತಿಕೊಳ್ಳಬಹುದು. ಇಷ್ಟು ದಿನ ಅದು ಸೀರೆಗಳ ಕೆಳಗೆ ಇತ್ತಲ್ಲ! ಗುಜರಿಗೆ ಹಾಕೋಣ ಅಂದರು ಅಮ್ಮ. ಅಲ್ಲಿ ಸುತ್ತಿಗೆಯಲ್ಲಿ ಒಡೆಯುವ ಹುಡುಗನ ಕೈ ನೆನಪಾಗಿ ಬೇಡ ಅಂದೆ. 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮ ಬಂದಿದೆ, ಹಳೇ ಫೋನು ಸರಿಯಾಗಿ ಮರುಬಳಕೆಯಾಗುವ ಹೊಣೆ ತಯಾರಿಸಿದ ಕಂಪನಿಯದೇ. ಸದ್ಯಕ್ಕೆ ಬ್ಯಾಟರಿ ಊದಿದ ಆ ಫೋನನ್ನು ಮರಳು ತುಂಬಿದ ಕುಂಡದಲ್ಲಿಟ್ಟು ಹೊರಗೆ ನೆರಳಲ್ಲಿ ಇಟ್ಟಿದ್ದೇನೆ. ಸೋಮವಾರ ಕೋಲಾರದ ಸರ್ವೀಸ್ ಸೆಂಟರಿಗೆ ಹೋಗಿ ಕೇಳುತ್ತೇನೆ.

ಆದರೆ ನೋಕಿಯಾ 1100 ಮಾತ್ರ ಅಪ್ಪ ಕೊಡಲ್ಲ ಅಂದರು. ಐದರ ಅಂಕಿ ಪೂರ್ತಿ ಸವೆದಿದೆ. ರಾತ್ರಿ ಎರಡಕ್ಕೆ ತ್ರೀ ಫೇಸ್ ಕರೆಂಟು ಬಂದಾಗ ಅದರ ಟಾರ್ಚ್ ಹಿಡಿದೇ ಟೊಮೆಟೊ ತೋಟಕ್ಕೆ ಹೋಗಿ ಮೋಟರ್ ಹಾಕುತ್ತಿದ್ದರು, ಎಷ್ಟೋ ವರ್ಷ. ಸುಮ್ನೆ ಪಂಚೆಯ ತುದಿಯಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡರು.