ಲಾಗಿನ್ ಬರೆಯೋದು ಕಲಿಯೋಕೆ ಏನೇನು ಇನ್‌ಸ್ಟಾಲ್ ಮಾಡಬೇಕು?

ಈ ಪ್ರಶ್ನೆ ನನಗೆ ಮೇಲಿಂದ ಮೇಲೆ ಬರುತ್ತದೆ. ಕೇಳುವವರ ಕೈಯಲ್ಲಿ ಆಗಲೇ ಒಂದು ಉದ್ದದ ಪಟ್ಟಿ ಇರುತ್ತದೆ: ಡಾಕರ್, ಪೋಸ್ಟ್‌ಗ್ರೆಸ್, ರೆಡಿಸ್, ಮೇಲೊಂದು ಕ್ಲೌಡ್ ಖಾತೆ. ಅದನ್ನೆಲ್ಲ ಹಾಕಿ ಮುಗಿಸುವಷ್ಟರಲ್ಲಿ ಕಲಿಯುವ ಹುಮ್ಮಸ್ಸೇ ಇಳಿದುಹೋಗಿರುತ್ತದೆ. ನನ್ನ ಉತ್ತರ ಚಿಕ್ಕದು. ಪೈಥಾನ್, ಅದರಲ್ಲಿ ವೆಬ್‌ಸೈಟ್ ಬರೆಯೋಕೆ ಫ್ಲಾಸ್ಕ್ ಅನ್ನೋ ಲೈಬ್ರರಿ, ಒಂದು ಬ್ರೌಸರ್. ಸದ್ಯಕ್ಕೆ ಅಷ್ಟು ಸಾಕು.

ಡೇಟಾಬೇಸ್ ಬೇಡ್ವಾ? ಬೇಕು, ಆದರೆ ಅದು ಆಗಲೇ ನಿಮ್ಮ ಹತ್ತಿರ ಇದೆ. ಎಸ್‌ಕ್ಯೂಲೈಟ್ ಅನ್ನೋ ಚಿಕ್ಕ ಡೇಟಾಬೇಸ್ ಬಳಸುವ ಮಾಡ್ಯೂಲ್ 2006ರಿಂದ ಪೈಥಾನ್ ಜೊತೆಗೇ ಬರುತ್ತಿದೆ. ಇಡೀ ಡೇಟಾಬೇಸ್ ಅಂದರೆ ಒಂದು ಫೈಲ್. ಕೆಟ್ಟಿತಾ? ಅಳಿಸಿ, ಮತ್ತೆ ಶುರು ಮಾಡಿ. ಕೆಡಿಸೋಕೆ ಹೆದರಿಕೆ ಆಗದ ಜಾಗದಲ್ಲೇ ಲಾಗಿನ್ ಕಲಿಯೋಕೆ ಆಗೋದು. ಅದಕ್ಕೇ ಒಂದು ಫೋಲ್ಡರ್ ಮಾಡಿ, ಅದರೊಳಗೆ ವರ್ಚುವಲ್ ಎನ್ವಿರಾನ್‌ಮೆಂಟ್ (ಈ ಪ್ರಾಜೆಕ್ಟಿಗೆ ಮಾತ್ರ ಸೇರಿದ ಲೈಬ್ರರಿಗಳ ಜಾಗ) ಮಾಡಿ, ಫ್ಲಾಸ್ಕ್ ಅಲ್ಲೇ ಹಾಕಿ.

ಈಗ ಲಾಗಿನ್ ಪೇಜ್ ಬರೆಯಲು ಹೋಗಬೇಡಿ. ಮೊದಲು ಪೈಥಾನ್ ಪ್ರಾಂಪ್ಟ್ ತೆರೆಯಿರಿ. ಫ್ಲಾಸ್ಕ್ ಜೊತೆಗೆ ವರ್ಕ್‌ಝೂಗ್ ಅನ್ನೋ ಲೈಬ್ರರಿ ಬಂದಿರುತ್ತದೆ, ಅದರಲ್ಲಿ ಪಾಸ್‌ವರ್ಡ್ ಹ್ಯಾಶ್ ಮಾಡುವ, ಅಂದರೆ ಅದನ್ನು ವಾಪಸ್ ತಿರುಗಿಸಲಾಗದ ಅಕ್ಷರಗಳ ಸಾಲಾಗಿ ಮಾಡುವ ಫಂಕ್ಷನ್ ಇದೆ. ‘ಬೆಕ್ಕು123’ ಅಂತ ಕೊಡಿ. (ನಿಮ್ಮ ನಿಜವಾದ ಪಾಸ್‌ವರ್ಡ್ ಮಾತ್ರ ಬೇಡ, ಪ್ರಾಂಪ್ಟಿನಲ್ಲಿ ಟೈಪ್ ಮಾಡಿದ್ದು ಹಿಸ್ಟರಿ ಫೈಲಿನಲ್ಲಿ ಕೂತಿರುತ್ತದೆ.) ಅದೇ ಪಾಸ್‌ವರ್ಡನ್ನು ಇನ್ನೊಂದು ಸಲ ಕೊಡಿ. ಉತ್ತರ ಬೇರೆ! ಪ್ರತಿ ಸಲ ಪಾಸ್‌ವರ್ಡಿನ ಜೊತೆ ಬೆರೆಸುವ ಹೊಸ ಅಕ್ಷರಗಳೇ ಸಾಲ್ಟ್. ಅದೇನು ಅಂತ ನಾನು ಅರ್ಧ ಗಂಟೆ ವಿವರಿಸುವುದಕ್ಕಿಂತ ಈ ಎರಡು ಸಾಲು ವಾಸಿ. ಎರಡೂ ಸಲ ಮೊದಲಲ್ಲಿ ಎಸ್‌ಕ್ರಿಪ್ಟ್ (ಹ್ಯಾಶ್ ಮಾಡುವ ವಿಧಾನದ ಹೆಸರು) ಅಂತ, ಆಮೇಲೆ 32768:8:1 ಅಂತ ಇರುತ್ತದೆ. ಅದು ಎಷ್ಟು ಕಷ್ಟಪಟ್ಟು ಲೆಕ್ಕ ಮಾಡಬೇಕು ಅನ್ನುವ ಅಳತೆ. ಒಂದೊಂದು ಹ್ಯಾಶಿಗೂ ಸುಮಾರು 32 ಎಂಬಿ ಮೆಮೊರಿ ಬೇಕು. ಇದನ್ನು ಸಾವಿರ ಸಲ ಓಡಿಸಿ, ಎಸ್‌ಎಚ್‌ಎ-256 ಅನ್ನೋ ಸಾಮಾನ್ಯ ಹ್ಯಾಶನ್ನೂ ಸಾವಿರ ಸಲ ಓಡಿಸಿ. ಎಸ್‌ಎಚ್‌ಎ ನೀವು ಎಂಟರ್ ಒತ್ತಿ ಬೆರಳು ತೆಗೆಯುವಷ್ಟರಲ್ಲಿ ಮುಗಿದಿರುತ್ತದೆ. ಇನ್ನೊಂದಕ್ಕೆ ಸುಮ್ನೆ ಕೂತು ಕಾಯಬೇಕು. ಹ್ಯಾಶ್ ಕದ್ದು ಪಾಸ್‌ವರ್ಡ್ ಊಹಿಸುವವನೂ ಹಾಗೇ ಕಾಯಬೇಕು, ಅದಕ್ಕೇ ಈ ನಿಧಾನ.

ಇದಾದ ಮೇಲೆ ಪೇಜ್. ಪಕ್ಕದಲ್ಲಿ ಬ್ರೌಸರಿನ ಡೆವಲಪರ್ ಟೂಲ್ಸ್ ಯಾವಾಗಲೂ ತೆರೆದಿರಲಿ, ಕುಕಿ (ಸೈಟಿನ ಪರವಾಗಿ ಬ್ರೌಸರ್ ಇಟ್ಟುಕೊಳ್ಳುವ ಚಿಕ್ಕ ಚೀಟಿ) ಕಾಣುವ ಹಾಗೆ. ಯಾರು ಲಾಗಿನ್ ಆಗಿದ್ದಾರೆ ಅಂತ ನೆನಪಿಡುವ ಫ್ಲಾಸ್ಕಿನ ಸೆಷನ್ ಕುಕಿಗೆ ಸಹಿ ಇರುತ್ತದೆ, ಬೀಗ ಇರುವುದಿಲ್ಲ. ಮೊದಲ ಚುಕ್ಕಿಯ ತನಕದ ಭಾಗವನ್ನು ಬೇಸ್64 (ಯಾರು ಬೇಕಾದರೂ ಬಿಚ್ಚಬಹುದಾದ ಬರೆಯುವ ಕ್ರಮ) ಇಂದ ಬಿಚ್ಚಿದರೆ ಯೂಸರ್ ಐಡಿ ಕಣ್ಣಿಗೇ ಕಾಣುತ್ತದೆ. ಅದರಲ್ಲಿ ಒಂದು ಅಕ್ಷರ ಬದಲಿಸಿ ಪೇಜ್ ರಿಫ್ರೆಶ್ ಮಾಡಿ, ಸಹಿ ಹೊಂದುವುದಿಲ್ಲ, ನೀವು ಹೊರಗೆ.

ಈ ಕುಕಿಯನ್ನು ನೋಡದೆ ನಾನು ಒಂದು ಸಂಜೆ ಪೂರ್ತಿ ಕಳೆದಿದ್ದೇನೆ. ಫಾರ್ಮ್ ಹೋಗುವ ವಿಳಾಸ 127.0.0.1 ಅಂತ ಬರೆದಿದ್ದೆ. ಲಾಗಿನ್ ಆದ ಮೇಲೆ ಕಳಿಸುವ ವಿಳಾಸ ಲೋಕಲ್‌ಹೋಸ್ಟ್. ಪಾಸ್‌ವರ್ಡ್ ಸರಿ, ಎರರ್ ಇಲ್ಲ, ಆದರೂ ಮುಂದಿನ ಪೇಜ್ ‘ಲಾಗಿನ್ ಮಾಡಿ’ ಅನ್ನುತ್ತಿತ್ತು. ನಮಗೆ ಎರಡೂ ಒಂದೇ ಕಂಪ್ಯೂಟರ್, ಬ್ರೌಸರಿಗೆ ಎರಡು ಬೇರೆ ಮನೆ. ಒಂದರ ಕುಕಿ ಇನ್ನೊಂದಕ್ಕೆ ಹೋಗುವುದಿಲ್ಲ. ತಮಾಷೆ ಏನಂದ್ರೆ ಪೋರ್ಟ್ (ವಿಳಾಸದ ಕೊನೆಯ ನಂಬರ್) ಬೇರೆಯಾದರೆ ಮಾತ್ರ ಕುಕಿ ವಿಷಯದಲ್ಲಿ ಬ್ರೌಸರಿಗೆ ಲೆಕ್ಕವಿಲ್ಲ. 5000 ಮತ್ತು 5001ರಲ್ಲಿ ಎರಡು ಪ್ರಾಜೆಕ್ಟ್ ಓಡಿಸಿದರೆ, ಒಂದರ ಸೆಷನ್ ಇನ್ನೊಂದನ್ನು ಅಳಿಸಿ ಕೂರುತ್ತದೆ.

ಆ ಸಹಿ ಹಾಕಲು ಫ್ಲಾಸ್ಕ್ ಬಳಸುವ ಸೀಕ್ರೆಟ್ ಕೀ ಬೇರೆ ಫೈಲಿನಲ್ಲಿರಲಿ, ಗಿಟ್‌ಗೆ ಹೋಗದಿರಲಿ. ಪ್ರತಿ ಸಲ ಹೊಸದಾಗಿ ಹುಟ್ಟುವ ಹಾಗೆ ಬರೆದರೆ ಸರ್ವರ್ ಮತ್ತೆ ಶುರುವಾದಾಗೆಲ್ಲ ಲಾಗ್‌ಔಟ್ ಆಗುತ್ತೀರಿ.

‘ಪಾಸ್‌ವರ್ಡ್ ಮರೆತರೆ ಮೇಲ್ ಕಳಿಸೋಕೆ ಸರ್ವರ್ ಬೇಕಲ್ವಾ?’ ಅಂತ ಆಮೇಲೆ ಕೇಳುತ್ತಾರೆ. ಬೇಡ. ಪಾಸ್‌ವರ್ಡ್ ಬದಲಿಸುವ ಲಿಂಕನ್ನು ಟರ್ಮಿನಲ್ಲಿನಲ್ಲೇ ಪ್ರಿಂಟ್ ಮಾಡಿ, ಅಲ್ಲಿಂದ ಕಾಪಿ ಮಾಡಿ ಬ್ರೌಸರಿನಲ್ಲಿ ತೆರೆಯಿರಿ. ಪಾಸ್‌ವರ್ಡ್ ಬದಲಿಸಿ. ಆಮೇಲೆ ಅದೇ ಲಿಂಕನ್ನು ಇನ್ನೊಂದು ಸಲ ತೆರೆಯಿರಿ. ಆಗಲೂ ಕೆಲಸ ಮಾಡಿತಾ? ಹಾಗಾದರೆ ನಾಳೆ ಮಾಡೋಕೆ ಕೆಲಸ ಸಿಕ್ಕಿತು.